ಅತ್ತೆಯ ಅರಮನೆ ಕೊರಿಯನ್

ನನ್ನ ಅತ್ತೆಗೆ ಕೊರಿಯನ್ ಭಾಷೆ ಬರುತ್ತದೆ. ತೊಂದರೆ ಒಂದೇ. ಅದು ರಾಜರ ಕಾಲದ ಕೊರಿಯನ್.

ಅತ್ತೆ ಅಂದರೆ ಪ್ರೇಮಲೀಲಾ, ನನ್ನ ಗಂಡ ನಿರಂಜನನ ತಾಯಿ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಲಾಕ್‌ಡೌನಿನಲ್ಲಿ ಕೊರಿಯನ್ ಸೀರಿಯಲ್ ನೋಡಲು ಶುರು ಮಾಡಿದರು. ಆಗ ಎಲ್ಲರೂ ಏನೇನೋ ಶುರು ಮಾಡಿದ್ದರು, ಆಮೇಲೆ ಎಲ್ಲರೂ ನಿಲ್ಲಿಸಿದರು. ಅತ್ತೆ ನಿಲ್ಲಿಸಲಿಲ್ಲ.

ಅದರಲ್ಲೂ ಈಗಿನ ಕಾಲದ ಕಥೆಗಳು ಅವರಿಗೆ ಆಗಿಬರುವುದಿಲ್ಲ. "ಆಫೀಸಿಗೆ ಹೋಗೋದು, ಕಾಫಿ ಕುಡಿಯೋದು, ಸುಮ್ಸುಮ್ನೆ ಮುನಿಸ್ಕೊಳೋದು. ಇದನ್ನ ನೋಡೋಕೆ ನೀವಿಬ್ರು ಇದೀರಲ್ಲ ಮನೇಲಿ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಸಿಂಹಾಸನ, ಒಳಸಂಚು, ವಿಷ ಬೆರೆಸಿದ ಬಟ್ಟಲು, ನೆಲಕ್ಕೆ ಹಣೆ ಹಚ್ಚಿ "ಪ್ರಭು" ಎಂದು ಒಕ್ಕೊರಲಿನಿಂದ ಕೂಗುವ ಮಂತ್ರಿಗಳು. ಹೀಗೆ ವರ್ಷಗಟ್ಟಲೆ ಕೇಳಿ ಕೇಳಿ ಅವರ ಬಾಯಿಗೆ ಒಂದು ಭಾಷೆ ಬಂದು ಕೂತಿದೆ.

ಆ ಭಾಷೆಯ ಅಂದಾಜು ನಿಮಗೆ ಬೇಕೆ? ಕೊರಿಯಾದವನೊಬ್ಬ ಬರೀ ನಮ್ಮ ಪೌರಾಣಿಕ ಸಿನಿಮಾಗಳನ್ನು ನೋಡಿ ಕನ್ನಡ ಕಲಿತ ಎಂದುಕೊಳ್ಳಿ. ಆತ ಮೈಸೂರಿನ ಮಾರ್ಕೆಟ್ಟಿಗೆ ಬಂದು ಬದನೆಕಾಯಿ ರಾಶಿಯ ಮುಂದೆ ನಿಂತು, "ಎಲೈ ವರ್ತಕನೇ, ಈ ಕಾಯಿಪಲ್ಯದ ಮೌಲ್ಯವನ್ನು ಅರುಹು" ಎಂದರೆ ಹೇಗಿರುತ್ತದೆ? ಅತ್ತೆಯ ಕೊರಿಯನ್ ಹಾಗಿದೆ. ಅವರಿಗೆ "ಯೊಬ್ವಾರಾ" ಗೊತ್ತು. ಅಂದರೆ "ಯಾರಲ್ಲಿ?" ರಾಜ ಕೂಗುತ್ತಾನೆ, ಭಟ ಓಡಿ ಬರುತ್ತಾನೆ. "ಟಾಯ್ಲೆಟ್ ಎಲ್ಲಿದೆ?" ಗೊತ್ತಿಲ್ಲ. ಅರಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲವಲ್ಲ.

ಈ ಅಂಕಣ ಓದುವವರಿಗೆ ನನ್ನ ಚಾಳಿ ಗೊತ್ತು. ಕಾಲೇಜಿನಲ್ಲಿ ಡಿಬೇಟ್ ಮಾಡಿ ಹಾಳಾದವಳು ನಾನು. ಯಾರು ಏನು ಹೇಳಿದರೂ ಮೊದಲು "ಆಧಾರ ಏನು?" ಎಂದು ಕೇಳಿಬಿಡುತ್ತೇನೆ. ಸೀರಿಯಲ್ ನೋಡಿ ಭಾಷೆ ಕಲಿಯಬಹುದು ಎಂಬ ಅತ್ತೆಯ ವಾದಕ್ಕೂ ಅದನ್ನೇ ಕೇಳಿದ್ದೆ.

"ನಾನೇ ಆಧಾರ" ಎಂದಿದ್ದರು ಅತ್ತೆ.

"ನೀವು ವಾದ ಮಾಡ್ತಿರೋರು ಅತ್ತೆ. ವಾದ ಮಾಡೋರೇ ಸಾಕ್ಷಿ ಆಗೋಕಾಗಲ್ಲ."

"ಸರಿ. ಹಾಗಾದ್ರೆ ಕೊರಿಯಾದವ್ರನ್ನೇ ಕೇಳೋಣ."

ಈ ಮಾತು ನಡೆದದ್ದು ನೆದರ್ಲೆಂಡ್ಸ್‌ನಲ್ಲಿ, ಯುಟ್ರೆಕ್ಟ್‌ನ ನಮ್ಮ ಅಡುಗೆಮನೆಯಲ್ಲಿ. ಅತ್ತೆ ನಮ್ಮ ಜೊತೆ ಇರಲು ಬಂದು ಮೂರು ತಿಂಗಳು ಮುಗಿಯುತ್ತ ಬಂದಿತ್ತು. ಅದೇ ಹೊತ್ತಿಗೆ ನನಗೆ ಸೋಲ್ ನಗರದಲ್ಲಿ ಎರಡು ದಿನದ ಆಫೀಸ್ ಕೆಲಸ ಬಿತ್ತು. (ಪತ್ರಿಕೆಗಳಲ್ಲಿ ಸಿಯೋಲ್ ಎಂದು ಬರೆಯುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ಸೋಲ್‌ಗೆ ಹತ್ತಿರ. ಡಿಬೇಟ್ ಮಾಡುವವಳಿಗೆ ಇದು ಒಳ್ಳೆಯ ಶಕುನವಲ್ಲ ಎಂದು ಆಗಲೇ ಹೊಳೆಯಬೇಕಿತ್ತು.) ನಿರಂಜನ ತಾಯಿಯ ವಾಪಸ್ ಟಿಕೆಟನ್ನು ಸೋಲ್ ಮಾರ್ಗವಾಗಿ ಮಾಡಿಸಿಬಿಟ್ಟ. ಆಮ್‌ಸ್ಟರ್‌ಡಾಮ್‌ನಿಂದ ಬೆಂಗಳೂರಿಗೆ ಸೋಲ್ ಮೇಲೆ ಹೋಗುವುದೆಂದರೆ ಮೈಸೂರಿನಿಂದ ಮಂಡ್ಯಕ್ಕೆ ಬೆಳಗಾವಿಯ ಮೇಲೆ ಹೋದಂತೆ. ಆದರೆ ಅತ್ತೆಯ ಮುಖ ನೋಡಿದ ಮೇಲೆ ಯಾರೂ ಮ್ಯಾಪ್ ತೆಗೆಯಲಿಲ್ಲ.

ಆ ಮುಖದ ಬಗ್ಗೆ ಸ್ವಲ್ಪ ಹೇಳಬೇಕು.

ಅತ್ತೆಯ ವೃತ್ತಿಯೇ ಮಾತು. ಗುರುತಿಲ್ಲದವರ ಜೊತೆ ಮಾತು. ಮೈಸೂರಿನಲ್ಲಿ ಅವರು ಬಸ್ ಹತ್ತಿದರೆ ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳ ಮದುವೆ ಎಲ್ಲಿಗೆ ಬಂದಿದೆ ಎಂದು ತಿಳಿದಿರುತ್ತದೆ. ಯುಟ್ರೆಕ್ಟ್‌ಗೆ ಬಂದ ಮೇಲೆ ಆ ಗಂಟಲಿಗೆ ಕೆಲಸವಿಲ್ಲ. ಡಚ್ ಬರುವುದಿಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಆಡಲು ಬಾಯಿ ಬರುವುದಿಲ್ಲ. ಒಂದು ಭಾನುವಾರ ಬೆಸ್ಟ್ ಎಂಬ ಊರಿನಲ್ಲಿ ಕನ್ನಡದವರೆಲ್ಲ ಸೇರಿದಾಗ ಕರೆದುಕೊಂಡು ಹೋದೆವು. ಸಂತೋಷಪಟ್ಟರು. ಆದರೆ ಟ್ರೇನಿನಲ್ಲಿ ವಾಪಸ್ ಬರುವಾಗ ಹೇಳಿದರು, "ಅದು ನಮ್ಮವ್ರು ಕಣೇ ಚೈತ್ರಾ. ನಮ್ಮವ್ರ ಜೊತೆ ಆಡೋದು ಕ್ಷೇಮಸಮಾಚಾರ. ಗೊತ್ತಿಲ್ದೋರ ಜೊತೆ ಆಡೋದು ಮಾತು."

ಕೆಳಗಿನ ಮನೆಯ ಡಚ್ ಹುಡುಗ ಮಾತ್ರ ದಿನಾ ಮೆಟ್ಟಿಲ ಮೇಲೆ ಸಿಕ್ಕಾಗ "ಹಾಯ್ ಪ್ರೇಮಾ" ಎನ್ನುತ್ತಿದ್ದ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು, ಪ್ರೀತಿಯಿಂದಲೇ.

"ನನ್ನ ಮಗನಿಗಿಂತ ಚಿಕ್ಕೋನು. ಪ್ರೇಮಾ ಅಂತಾನಲ್ಲೇ."

"ಅದು ಗೌರವ ಕಮ್ಮಿ ಅಂತಲ್ಲ ಅತ್ತೆ. ಇಲ್ಲಿ ಎಲ್ಲರೂ ಸಮ."

"ಸಮ ಆಗ್ಲಿ. ಆದ್ರೆ ಹಾಯ್ ಆದ್ಮೇಲೆ ಏನಾದ್ರೂ ಇರ್ಬೇಕಲ್ವಾ? ಹಾಯ್ ಅಂತಾನೆ, ಸೈಕಲ್ ಹತ್ತುತಾನೆ."

ಸೋಲ್ ವಿಷಯ ಪಕ್ಕಾ ಆದ ದಿನ ಅವರು ತಮ್ಮ ಬೇಡಿಕೆಯನ್ನು ಮುಂದಿಟ್ಟರು. ಅರಮನೆ ನೋಡುವುದಲ್ಲ, ಶಾಪಿಂಗ್ ಅಲ್ಲ, ಯಾವ ಹೀರೋನ ಮನೆಯೂ ಅಲ್ಲ. "ನಾನು ಕೊರಿಯನ್ನಲ್ಲಿ ಒಂದು ಮಾತು ಆಡ್ಬೇಕು. ಒಬ್ರು ಕೊರಿಯನ್ನಲ್ಲೇ ಉತ್ತರ ಕೊಡ್ಬೇಕು. ಅಷ್ಟು ಆದ್ರೆ ಸಾಕು, ವಿಮಾನ ಹತ್ತಿ ಮನೆಗೆ ಹೋಗ್ತೀನಿ."

ಅಷ್ಟು ಎಂದರೆ ಎಷ್ಟು ಎಂದು ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಾಕೆಂದರೆ ನಾನು ನೆದರ್ಲೆಂಡ್ಸ್‌ನಲ್ಲಿ ಇದ್ದೇನೆ.

ವಿವರಿಸುತ್ತೇನೆ. ನಾನು ಇಲ್ಲಿನ ಡಚ್ ಪರೀಕ್ಷೆ ಪಾಸು ಮಾಡಿದ್ದೇನೆ. ಪ್ರತಿ ಶನಿವಾರ ನಮ್ಮ ಬೀದಿಯ ಬೇಕರಿಗೆ ಹೋಗುತ್ತೇನೆ. ಮನೆಯಲ್ಲಿ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ ವಾಕ್ಯವನ್ನು ಕೌಂಟರ್ ಮುಂದೆ ಹೇಳುತ್ತೇನೆ. "ಎನ್ ಹಾಲ್ಫ್ ವೋಲ್‌ಕೋರನ್, ಗೆಸ್ನೇಡನ್, ಅಲ್ಸ್ಟುಬ್ಲೀಫ್ಟ್." ಅರ್ಧ ಗೋಧಿ ಬ್ರೆಡ್, ಕತ್ತರಿಸಿದ್ದು, ದಯವಿಟ್ಟು. ವ್ಯಾಕರಣ ಸರಿ, ಉಚ್ಚಾರ ಸರಿ, ವಿನಯ ಕೂಡ ಸರಿ. ಬೇಕರಿಯಾಕೆ ನಕ್ಕು ಇಂಗ್ಲಿಷಿನಲ್ಲಿ ಕೇಳುತ್ತಾಳೆ, "ಶೂರ್, ಎನಿಥಿಂಗ್ ಎಲ್ಸ್?"

ಅಲ್ಲಿಗೆ ನನ್ನ ಡಚ್ ಮುಗಿಯಿತು. ಆಕೆಯದು ಉಪಕಾರವೇ. ಆದರೆ ಪ್ರತಿ ಶನಿವಾರ ಯಾರೋ ನನ್ನ ಕೈಯಿಂದ ಚೀಲ ಕಿತ್ತುಕೊಂಡು "ಪರವಾಗಿಲ್ಲ, ನಾನೇ ಹೊರುತ್ತೇನೆ" ಎಂದಂತೆ ಆಗುತ್ತದೆ. ಹಾಗಾಗಿ ನಾನು ಒಂದು ಸಿದ್ಧಾಂತಕ್ಕೆ ಬಂದಿದ್ದೆ. ಇಂಗ್ಲಿಷ್ ಬರುವ ಊರಿನಲ್ಲಿ ಪ್ರವಾಸಿಯೊಬ್ಬನಿಗೆ ಊರಿನ ಭಾಷೆ ಸಿಗುವುದಿಲ್ಲ. ಕೇಳಿದರೂ ಕೊಡುವುದಿಲ್ಲ.

ಅತ್ತೆಗೆ ನೋವಾಗಬಾರದು ಎಂದು ನಾನೇ ತರಬೇತಿ ಕೊಟ್ಟೆ. ಫೋನಿನ ಆ್ಯಪ್ ಇಟ್ಟುಕೊಂಡು ಈ ಕಾಲದ ಕೊರಿಯನ್ ಕಲಿಸಿದೆ. "ಅನ್ಯೊಂಗ್‌ಹಾಸೆಯೊ" ಅಂದರೆ ನಮಸ್ಕಾರ. "ಇಗೊ ಒಲ್ಮಾಯೆಯೊ?" ಅಂದರೆ ಇದು ಎಷ್ಟು? ಜೊತೆಗೆ ಒಂದು ಷರತ್ತು. "ಅತ್ತೆ, ಅರಮನೆ ಮಾತು ಮಾತ್ರ ಬೇಡ. ಯೊಬ್ವಾರಾ ಬೇಡ. ಯಾರನ್ನೂ ಪ್ರಭು ಅನ್ಬೇಡಿ."

"ಮರ್ಯಾದೆ ಹೋಗತ್ತಾ?"

"ನಂದು ಹೋಗತ್ತೆ."

"ಸರಿ ಬಿಡು" ಎಂದರು. ಈ "ಸರಿ ಬಿಡು" ಎನ್ನುವುದು ಒಪ್ಪಿಗೆ ಅಲ್ಲ ಎಂದು ಮದುವೆಯಾದ ಎಲ್ಲರಿಗೂ ಗೊತ್ತು.

ಆಫೀಸ್ ಕೆಲಸ ಶುಕ್ರವಾರ ಮುಗಿಯಿತು. ಭಾನುವಾರ ಬೆಳಿಗ್ಗೆ ಅತ್ತೆಯ ವಿಮಾನ. ಮಧ್ಯೆ ಉಳಿದದ್ದು ಒಂದು ಶನಿವಾರ. ಬೆಳಿಗ್ಗೆ ಅತ್ತೆ ಮೈಸೂರು ಸಿಲ್ಕ್ ಸೀರೆ ಉಟ್ಟು, ಕೆಳಗೆ ಸ್ಪೋರ್ಟ್ಸ್ ಶೂ ಹಾಕಿ, ಮೇಲೆ ನಿರಂಜನನ ಚಳಿಗಾಲದ ಜಾಕೆಟ್ ತೊಟ್ಟು ತಯಾರಾಗಿದ್ದರು. "ಮೊದಲ್ನೇ ಸಲ ಒಬ್ರ ಮನೆಗೆ ಹೋಗ್ತಿದೀವಿ, ನೆಟ್ಟಗೆ ಹೋಗ್ಬೇಕು" ಎಂದರು. ಅವರ ಲೆಕ್ಕದಲ್ಲಿ ಇಡೀ ಸೋಲ್ ಒಂದು ಮನೆ.

ಮೊದಲು ಬುಕ್‌ಚೋನ್. ಎರಡು ಅರಮನೆಗಳ ನಡುವಿನ ಗುಡ್ಡದ ಮೇಲೆ ಸಾಲಾಗಿ ಹಬ್ಬಿದ ಹಳೆಯ ಹೆಂಚಿನ ಮನೆಗಳು. ಹನೋಕ್ ಎನ್ನುತ್ತಾರೆ. ಬೂದು ಬಣ್ಣದ ಹೆಂಚು, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಬಾಗಿದ ಸೂರು, ಮರದ ಬಾಗಿಲು, ಒಳಗೆ ಅಂಗಳ. ಇಳಿಜಾರಿನ ಓಣಿಯಲ್ಲಿ ಹನ್‌ಬೋಕ್ ಎಂಬ ಹಳೆಗಾಲದ ಉಡುಪನ್ನು ಬಾಡಿಗೆಗೆ ತಂದು ಉಟ್ಟ ಹುಡುಗಿಯರು ಲಂಗ ಎತ್ತಿ ಹಿಡಿದು ಫೋಟೋಕ್ಕೆ ನಿಂತಿದ್ದರು.

"ಬಾಡಿಗೆ ಬಟ್ಟೇನಾ?" ಅತ್ತೆಗೆ ಆಶ್ಚರ್ಯ.

"ಹೌದು. ಈ ಬೀದಿನೂ ನೀವು ಅಂದ್ಕೊಂಡಷ್ಟು ಹಳೇದಲ್ಲ ಅತ್ತೆ. ನಿಮ್ಮ ರಾಜರ ಕಾಲದ್ದಲ್ಲ. ಸುಮಾರು ನೂರು ವರ್ಷದ ಹಿಂದೆ ಜಾಗ ಭಾಗ ಮಾಡಿ, ಒಂದೇ ಥರದ ಮನೆ ಕಟ್ಟಿ ಮಾರಿದ್ದು. ನಮ್ಮ ಬಡಾವಣೆ ಇದ್ದ ಹಾಗೆ."

"ನಿಮ್ಮ ಯುಟ್ರೆಕ್ಟಲ್ಲಿ ಕಾಲುವೆ ಪಕ್ಕ ಹಳೇ ನೆಲಮಾಳಿಗೆಲಿ ಪಾಸ್ತಾ ಮಾರ್ತಾರಲ್ಲ, ಅಲ್ಲಿ ಹೋಗಿ ಯಾವತ್ತಾದ್ರೂ ಇದು ಎಷ್ಟು ಹಳೇದು ಅಂತ ಕೇಳಿದೀಯಾ?"

ಇಲ್ಲ. ಕೇಳಿಲ್ಲ. ಅಲ್ಲಿ ನಾನು ಪಾಸ್ತಾ ತಿಂದಿದ್ದೇನೆ.

ಓಣಿಯ ತಿರುವಿನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಹಿರಿಯರೊಬ್ಬರು ಕೈಯಲ್ಲಿ ಫಲಕ ಹಿಡಿದು ನಿಂತಿದ್ದರು. ಅತ್ತೆ ನನ್ನ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ಅವರ ಮುಂದೆ ಹೋಗಿ ಸ್ಪಷ್ಟವಾಗಿ, ಎಕ್ಸ್‌ಚೇಂಜಿನ ಧ್ವನಿಯಲ್ಲಿ "ಅನ್ಯೊಂಗ್‌ಹಾಸೆಯೊ" ಎಂದರು.

ಆ ಹಿರಿಯರು ನಕ್ಕರು, ತಲೆ ಬಾಗಿಸಿದರು, ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಫಲಕವನ್ನು ಮುಂದೆ ಹಿಡಿದರು. "ಇಲ್ಲಿ ಜನ ವಾಸವಾಗಿದ್ದಾರೆ, ದಯವಿಟ್ಟು ನಿಶ್ಶಬ್ದವಾಗಿರಿ" ಎಂದು ನಾಲ್ಕಾರು ಭಾಷೆಗಳಲ್ಲಿ ಬರೆದಿತ್ತು.

ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಹೆಂಗಸು ಭೂಮಿಯ ಇನ್ನೊಂದು ತುದಿಗೆ ಬಂದು ಮೊದಲ ಮಾತಾಡಿದರೆ ಸಿಕ್ಕ ಉತ್ತರ ಇದು. ನಾನು ನಗಬಾರದಿತ್ತು. ನಕ್ಕೆ.

"ಅವ್ರ ತಪ್ಪಿಲ್ಲ ಬಿಡು" ಎಂದರು ಅತ್ತೆ, ಪಿಸುದನಿಯಲ್ಲಿ. "ಮನೆ ಮುಂದೆ ಬೆಳಗಿಂದ ಜನ ಗಲಾಟೆ ಮಾಡಿದ್ರೆ ನಾನಾಗಿದ್ರೆ ನೀರು ಎರಚ್ತಿದ್ದೆ."

ಗುಡ್ಡ ಇಳಿಯುವಾಗ ಸಣ್ಣ ಅಂಗಡಿಯೊಂದರಲ್ಲಿ ಯಾಕ್ವಾ ಎಂಬ ತಿಂಡಿ ಕೊಂಡೆವು. ಗೋಧಿಹಿಟ್ಟನ್ನು ಎಣ್ಣೆಯಲ್ಲಿ ಕರಿದು ಜೇನಿನಲ್ಲಿ ಅದ್ದಿ ಇಟ್ಟದ್ದು, ಹೂವಿನ ಆಕಾರ. ಅತ್ತೆ ಒಂದು ಚೂರು ಬಾಯಿಗಿಟ್ಟು ತೀರ್ಪು ಕೊಟ್ಟರು. "ಬಾದುಷಾ. ಏಲಕ್ಕಿ ಮರೆತಿದಾರೆ." ಅಂಗಡಿಯ ಹುಡುಗಿ ದುಡ್ಡು ತೆಗೆದುಕೊಂಡು ಇಂಗ್ಲಿಷಿನಲ್ಲಿ ಥ್ಯಾಂಕ್ ಯೂ ಎಂದಳು.

ಮುಂದಿನದು ಇಕ್ಸೊನ್‌ದೊಂಗ್. ಇದೂ ಹಳೆಯ ಮನೆಗಳ ಬೀದಿಯೇ, ಆದರೆ ಇಲ್ಲಿ ಪ್ರತಿ ಹೆಂಚಿನ ಕೆಳಗೂ ಒಂದು ಕೆಫೆ. ಓಣಿ ಎಷ್ಟು ಕಿರಿದು ಎಂದರೆ ಎದುರಿನಿಂದ ಬರುವವರಿಗೆ ದಾರಿ ಕೊಡಲು ಒಬ್ಬರು ಗೋಡೆಗೆ ಒರಗಬೇಕು. ಒಂದು ಕಡೆ ಕೆಂಪು ಹುರುಳಿಯಂಥ ಕಾಳಿನ ಸಿಹಿ ಗಂಜಿ ಸಿಗುತ್ತದೆ ಎಂದು ತಿಳಿಯಿತು. ಹುಡುಕಿಕೊಂಡು ಹೋದೆವು. ಅತ್ತೆ ಬಾಗಿಲಲ್ಲೇ ಗಂಟಲು ಸರಿ ಮಾಡಿಕೊಂಡರು.

ಒಳಗೆ ಕೌಂಟರಿನಲ್ಲಿ ಮನುಷ್ಯರಿರಲಿಲ್ಲ. ಆಳೆತ್ತರದ ಟಚ್‌ಸ್ಕ್ರೀನ್ ಇತ್ತು. ಭಾಷೆ ಆರಿಸಿ ಎಂದಿತು.

"ಕೊರಿಯನ್ ಒತ್ತು" ಎಂದರು ಅತ್ತೆ.

"ನಿಮಗೆ ಓದೋಕೆ ಬರಲ್ಲ ಅತ್ತೆ."

"ಒತ್ತು ಅಂದೆ."

ಒತ್ತಿದೆ. ಪರದೆ ತುಂಬ ಅಕ್ಷರಗಳು ಬಂದವು. ಅತ್ತೆ ಅದರ ಮುಂದೆ ಒಂದು ಗಳಿಗೆ ನಿಂತರು. ಬಹಳ ಹೊತ್ತಿನಿಂದ ಉತ್ತರ ಕೊಡದ ಲೈನಿನ ಮುಂದೆ ಕೂತವರ ಹಾಗೆ. ಆಮೇಲೆ "ಇಂಗ್ಲಿಷ್‌ಗೆ ಹಾಕು" ಎಂದರು. ಗಂಜಿ ಬಂತು. ಚೆನ್ನಾಗಿತ್ತು. ಅತ್ತೆ ಅರ್ಧ ತಿಂದು ಚಮಚ ಇಟ್ಟರು.

ನಂತರ ಬೀದಿ ಬದಿಯಲ್ಲಿ ಹೊತ್ತೊಕ್. ಹಿಟ್ಟಿನ ಉಂಡೆಯೊಳಗೆ ಸಕ್ಕರೆ, ಕಡಲೆಕಾಯಿ ಪುಡಿ ತುಂಬಿ, ಕಾವಲಿಯ ಮೇಲೆ ಒತ್ತಿ ಬೇಯಿಸುತ್ತಾರೆ. ಒಬ್ಬಟ್ಟಿನ ದಡ್ಡ ತಮ್ಮ ಎಂದುಕೊಳ್ಳಿ. ಗಾಡಿಯ ಹಿಂದೆ ಕಿವಿಗೆ ಓಲೆ ಹಾಕಿದ ಯುವಕ. ಅತ್ತೆ ಹತ್ತಿರ ಹೋಗಿ ನಾನು ಕಲಿಸಿದ ಎರಡನೇ ವಾಕ್ಯ ತೆಗೆದರು. "ಇಗೊ ಒಲ್ಮಾಯೆಯೊ?"

ಅಚ್ಚುಕಟ್ಟಾದ ವಾಕ್ಯ. ಆ್ಯಪ್ ಕೇಳಿದ್ದರೆ ನಕ್ಷತ್ರ ಕೊಡುತ್ತಿತ್ತು.

ಯುವಕನ ಮುಖ ಅರಳಿತು. "ಹಲೋ! ವೇರ್ ಆರ್ ಯೂ ಫ್ರಮ್?" ಎಂದು ಕೇಳಿ ಕ್ಯಾಲ್ಕುಲೇಟರ್‌ನಲ್ಲಿ ಬೆಲೆ ಒತ್ತಿ ತೋರಿಸಿದ. ನಾನು ಯುಟ್ರೆಕ್ಟ್‌ನ ಬೇಕರಿಯಲ್ಲಿ ನಿಂತಿದ್ದೆ. ಅದೇ ನಗು, ಅದೇ ಉಪಕಾರ.

ಅತ್ತೆ ಹೊತ್ತೊಕ್ ಹಿಡಿದು ಕಲ್ಲಿನ ಕಟ್ಟೆಯ ಮೇಲೆ ಕೂತರು. ಬಿಸಿ ಸಕ್ಕರೆ ಪಾಕ ಸೋರಿ ಕೈಗೆ ಬಂತು. ಒರೆಸಿಕೊಳ್ಳಲಿಲ್ಲ.

"ನೀನು ಹೇಳಿದ್ದೇ ಸರಿ ಕಣೇ" ಎಂದರು.

ಓದುಗರೇ, ಅತ್ತೆಯ ಬಾಯಲ್ಲಿ ಈ ವಾಕ್ಯ ಕೇಳಬೇಕು ಎಂದು ಮದುವೆಯಾದಾಗಿನಿಂದ ಕಾದಿದ್ದೆ. ಸಿಕ್ಕಾಗ ಏನೂ ರುಚಿಯಿಲ್ಲ. "ಇನ್ನೂ ಮಾರ್ಕೆಟ್ ಇದೆ ಅತ್ತೆ" ಎಂದೆ. ಅವರ ವಾದವನ್ನು ನಾನೇ ಎತ್ತಿ ಹಿಡಿಯುವ ಗತಿ ಬಂತು.

ಗ್ವಾಂಗ್‌ಜಾಂಗ್ ಮಾರ್ಕೆಟ್ ಸೋಲ್‌ನ ಹಳೆಯ ಮಾರುಕಟ್ಟೆಗಳಲ್ಲಿ ಒಂದು. ಒಂದು ಕಡೆ ಬಟ್ಟೆ ಅಂಗಡಿಗಳು, ನಡುವಿನ ಉದ್ದನೆಯ ಓಣಿಯಲ್ಲಿ ತಿಂಡಿ ಗಾಡಿಗಳ ಸಾಲು. ಹೊಗೆ, ಎಣ್ಣೆ, ಕೂಗಾಟ. ಒಂದೊಂದು ಗಾಡಿಯ ಮುಂದೂ ಒಂದೊಂದು ಬೆಂಚು. ಅತ್ತೆ ಮೂಗಿಗೆ ಸೆರಗು ಹಿಡಿದು ಮೀನು, ಹಂದಿ ದಾಟಿಕೊಂಡು ಹೋಗುತ್ತಿದ್ದವರು ಒಂದು ಕಡೆ ಗಕ್ಕನೆ ನಿಂತರು.

"ರುಬ್ಬೋ ಕಲ್ಲು."

ಹೌದು. ಗಾಡಿಯ ಮೇಲೆ ಕಲ್ಲು ತಿರುಗುತ್ತಿತ್ತು, ಮೋಟಾರಿನಲ್ಲಿ. ಕೆಳಗಿನಿಂದ ಹಳದಿ ಹಿಟ್ಟು ಬಕೆಟ್ಟಿಗೆ ಇಳಿಯುತ್ತಿತ್ತು. ನೆನೆಸಿದ ಹೆಸರುಬೇಳೆ. ಅದನ್ನು ಎಣ್ಣೆಯಲ್ಲಿ ದಪ್ಪಗೆ ಹುಯ್ದು ಮಾಡುವ ದೋಸೆಗೆ ಬಿಂದೆತ್ತೊಕ್ ಎಂದು ಹೆಸರು. ಕಾವಲಿಯ ಹಿಂದೆ ಗುಂಗುರು ಕೂದಲಿನ, ಕೆಂಪು ರಬ್ಬರ್ ಗ್ಲೌಸಿನ ಹೆಂಗಸು. ಅತ್ತೆಯ ಓರಗೆಯವರು. ನಮ್ಮನ್ನು ನೋಡಿದ್ದೇ ಇಂಗ್ಲಿಷ್ ಮೆನು ಮುಂದೆ ತಳ್ಳಿ, "ಮೀಟ್? ನೋ ಮೀಟ್?" ಎಂದು ಕೇಳಿದರು.

"ಇಲ್ಲೂ ಇಂಗ್ಲಿಷು" ಎಂದರು ಅತ್ತೆ. ಬೆಂಚಿನ ಮೇಲೆ ಕೂತರು. ಬೆಂಚಿನ ಕೆಳಗಿನಿಂದ ಬಿಸಿ ಬರುತ್ತಿತ್ತು. "ಕೂತ್ಕೊಳ್ಳೋಕಾದ್ರೂ ಚೆನ್ನಾಗಿದೆ."

ನಾನು ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಕಿಮ್ಚಿಯೂ ಬೇಡ. (ಕಿಮ್ಚಿ ಎನ್ನುವ ಅವರ ಉಪ್ಪಿನಕಾಯಿಗೆ ಸಾಮಾನ್ಯವಾಗಿ ಮೀನಿನ ರಸ ಬೀಳುತ್ತದೆ. ನಾನು ತಿನ್ನುತ್ತೇನೆ. ಅತ್ತೆಗೆ ಅದು ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾರೆ.) ಆ ಹೆಂಗಸು ಫೋನನ್ನು ದೂರ ಹಿಡಿದು ಓದಿದರು. ಹಾಗಾದರೆ ಇವರು ಬದುಕುವುದಾದರೂ ಯಾಕೆ ಎಂಬಂತೆ ಅತ್ತೆಯನ್ನು ನೋಡಿದರು. ಆಮೇಲೆ ಕಲಸಿಟ್ಟಿದ್ದ ಪಾತ್ರೆ ಬಿಟ್ಟು, ಕಲ್ಲಿನಿಂದ ಇಳಿಯುತ್ತಿದ್ದ ಹಿಟ್ಟನ್ನೇ ಸೌಟಿನಲ್ಲಿ ಹಿಡಿದು, ಮೊಳಕೆಕಾಳು, ಈರುಳ್ಳಿ ಸೊಪ್ಪು ಹಾಕಿ, ಕಾವಲಿಯ ಒಂದು ಮೂಲೆಯನ್ನು ಒರೆಸಿ, ಅಲ್ಲಿ ಹುಯ್ದರು.

ಅತ್ತೆ ನೋಡುತ್ತಲೇ ಇದ್ದರು. ತಟ್ಟೆ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ. ಚಾಪ್‌ಸ್ಟಿಕ್ ಪಕ್ಕಕ್ಕಿಟ್ಟು ಕೈಯಲ್ಲೇ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

ಮುಂದಿನದು ಯೋಚನೆ ಮಾಡಿ ಆದದ್ದಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ. ಬಾಯಲ್ಲಿ ಬಿಸಿ ಹೆಸರುಬೇಳೆ ಇರುವಾಗ ಯಾರೂ ತಂತ್ರ ಹೂಡುವುದಿಲ್ಲ. ಅತ್ತೆ ನುಂಗಿದರು, ಎರಡೂ ಕೈ ಜೋಡಿಸಿದರು, ತಲೆ ತಗ್ಗಿಸಿದರು, ಮತ್ತು ಸೀರಿಯಲ್ಲಿನ ಮಂತ್ರಿಗಳು ನೆಲಕ್ಕೆ ಹಣೆ ಹಚ್ಚಿ ರಾಜನಿಗೆ ಹೇಳುವ ಮಾತನ್ನು, ಅದೇ ರಾಗದಲ್ಲಿ, ಕಡೆಯ ಅಕ್ಷರ ಎಳೆದು ಹೇಳಿಬಿಟ್ಟರು.

"ಸೊಂಗುನಿ ಮಂಗುಕ್ ಹಾಓಮ್ನಿದಾ."

ಪ್ರಭುಗಳ ಕೃಪೆ ಅಪಾರ.

ಕಾವಲಿಯ ಮೇಲೆ ಸೌಟು ನಿಂತಿತು. ನಾನು ನನ್ನ ಶೂ ನೋಡತೊಡಗಿದೆ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಕೊರಿಯನ್ ದಂಪತಿ ತಿನ್ನುವುದನ್ನು ನಿಲ್ಲಿಸಿದರು.

ಆಮೇಲೆ ಆ ಹೆಂಗಸು ನಕ್ಕರು. ಎಂಥಾ ನಗು ಅಂತೀರಿ. ಸೌಟಿನಿಂದ ಗಾಡಿಯನ್ನು ಬಡಿದು ಬಡಿದು ನಕ್ಕರು. ಪಕ್ಕದ ಗಾಡಿಯವರಿಗೆ ಕೂಗಿ ಹೇಳಿದರು. ಅವರು ನಂಬಲಿಲ್ಲ, ಅತ್ತೆಯ ಕಡೆ ನೋಡಿದರು. ಅತ್ತೆ ಮುಖ ಕೆಂಪಗೆ ಮಾಡಿಕೊಂಡು ತಲೆ ತಗ್ಗಿಸಿಯೇ ಇದ್ದರು.

ಆಗ ಆ ಹೆಂಗಸು ನಗು ತಡೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ರಬ್ಬರ್ ಗ್ಲೌಸಿನ ಕೈಯನ್ನು ಸೊಂಟದ ಮೇಲಿಟ್ಟು, ಗಂಡುದನಿ ತೆಗೆದು ಗಂಭೀರವಾಗಿ ಹೇಳಿದರು.

"ಗೊಗೆರುಲ್ ದುಲ್ಲಾ."

ನನಗೆ ಅರ್ಥವಾಗಲಿಲ್ಲ. ಆ್ಯಪ್ ತೆಗೆಯಲು ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಅತ್ತೆ ತಲೆ ಎತ್ತಿದರು.

ಅದೇ ಅದರ ಅರ್ಥ. ತಲೆ ಎತ್ತು. ಕಾಲಿಗೆ ಬಿದ್ದ ಪ್ರಜೆಗೆ ರಾಜ ಹೇಳುವ ಮಾತು. ಎಷ್ಟು ಸಲ ಕೇಳಿದ್ದರೋ, ಎಷ್ಟು ರಾತ್ರಿ. ಕೊರಿಯನ್ನಲ್ಲಿ ಕೊಟ್ಟ ಉತ್ತರವನ್ನು ಕೊರಿಯನ್ನಲ್ಲೇ ಅರ್ಥ ಮಾಡಿಕೊಂಡು ಅತ್ತೆ ತಲೆ ಎತ್ತಿ ಆ ಹೆಂಗಸನ್ನು ನೋಡಿದರು. ಇಬ್ಬರೂ ಒಟ್ಟಿಗೆ ನಗಲು ಶುರು ಮಾಡಿದರು.

ಅಲ್ಲಿಂದ ಮುಂದಕ್ಕೆ ನನ್ನ ಫೋನ್ ಯಾರಿಗೂ ಬೇಕಾಗಲಿಲ್ಲ. ಇಂಗ್ಲಿಷ್ ಮೆನು ಎಲ್ಲಿ ಹೋಯಿತೋ. ವಯಸ್ಸು ಎಷ್ಟು ಎಂದು ಆ ಹೆಂಗಸು ಕೇಳಿದರು (ಕೊರಿಯಾದಲ್ಲಿ ಇದು ಮೊದಲ ಪ್ರಶ್ನೆ, ನಮ್ಮಲ್ಲಿ ಎರಡನೆಯದು). ಅತ್ತೆ ಬೆರಳಿನಲ್ಲಿ ತೋರಿಸಿದರು. ಆಕೆ ತಮ್ಮದನ್ನು ತೋರಿಸಿದರು. ಎರಡು ವರ್ಷಕ್ಕೆ ಅತ್ತೆ ದೊಡ್ಡವರು. ತಕ್ಷಣ ಸಂಬಂಧ ನಿರ್ಧಾರವಾಯಿತು.

"ಒನ್ನಿ" ಎಂದರು ಆಕೆ, ಅತ್ತೆಯನ್ನು ತೋರಿಸಿ. ಅಕ್ಕ.

"ದೊಂಗ್ಸೆಂಗ್" ಎಂದರು ಅತ್ತೆ, ಆಕೆಯನ್ನು ತೋರಿಸಿ. ತಂಗಿ. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದೇನೇ, ಪ್ರೇಮಾ ಅನ್ಲಿಲ್ಲ" ಎಂದರು.

ನಾನು ಯಾರು ಎಂದು ವಿಚಾರಣೆ ಆಯಿತು. ಅತ್ತೆ ಹುಡುಕಾಡದೆ "ಮ್ಯೊನುರಿ" ಎಂದರು. ಸೊಸೆ. ಕೊರಿಯನ್ ಸೀರಿಯಲ್ ನೋಡುವ ಯಾರಿಗೂ ಈ ಪದ ಮರೆಯುವುದಿಲ್ಲ. ತಂಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಏನೋ ಕೇಳಿದರು. ಅತ್ತೆ ಅರಮನೆಯ ಯಾವುದೋ ಮಾತನ್ನು ಹೆಕ್ಕಿ ಉತ್ತರ ಕೊಟ್ಟರು. ಇಡೀ ಬೆಂಚು ನಕ್ಕಿತು, ಆ ದಂಪತಿಯೂ ಸೇರಿ.

"ಏನ್ ಅಂದ್ರಿ ಅತ್ತೆ?"

"ಏನಿಲ್ಲ. ತಿನ್ನು."

ಏನು ಹೇಳಿದರು ಎಂದು ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಡಿಬೇಟ್‌ಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ ನಾನು ಆ ಬೆಂಚಿನ ಮೇಲೆ ಭಾಷೆ ಬಾರದ ಪ್ರವಾಸಿಯಾಗಿ ಹೆಸರುಬೇಳೆ ದೋಸೆ ತಿಂದೆ. ಯಾರೋ ನನ್ನ ಬಗ್ಗೆ ನನ್ನೆದುರೇ ಮಾತಾಡುತ್ತಿದ್ದಾರೆ, ನನಗೆ ಅರ್ಥವಾಗುತ್ತಿಲ್ಲ. ಅತ್ತೆ ಮೂರು ತಿಂಗಳು ಹೀಗೇ ಇದ್ದರು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಹೊರಡುವಾಗ ತಂಗಿ ಇನ್ನೊಂದು ಬಿಂದೆತ್ತೊಕ್ ಕಟ್ಟಿಕೊಟ್ಟು, ವಿಮಾನದಲ್ಲಿ ತಿನ್ನಲು ಎಂದು ಕೈಯನ್ನು ರೆಕ್ಕೆ ಮಾಡಿ ತೋರಿಸಿದರು. ಅತ್ತೆ ಜಾಕೆಟ್ಟಿನ ಒಳಜೇಬಿನಲ್ಲಿಟ್ಟರು. ಇಡೀ ದಾರಿ ನಿರಂಜನನ ಜಾಕೆಟ್ಟಿನಿಂದ ಎಣ್ಣೆ ವಾಸನೆ ಬರುತ್ತಿತ್ತು. ವಿಮಾನ ಹತ್ತುವ ಮೊದಲು ಅತ್ತೆ ಅದನ್ನು ನನಗೆ ಬಿಚ್ಚಿಕೊಟ್ಟರು. ಈಗಲೂ ಬರುತ್ತದೆ.

ಈಗ ವಾದಕ್ಕೆ ಬರೋಣ. ನಾನು ಸೋತೆ ಎಂದು ಒಪ್ಪಿಕೊಳ್ಳುವ ಮೊದಲು ಎದುರು ಪಕ್ಷದ ಸಾಕ್ಷ್ಯವನ್ನು ಪರೀಕ್ಷಿಸಬೇಕಲ್ಲ. ಒಂದೇ ಒಂದು ಉದಾಹರಣೆಯಿಂದ ಏನು ಸಾಬೀತಾಗುತ್ತದೆ? ಆ ಹೆಂಗಸು ಸ್ವಭಾವತಃ ತಮಾಷೆಯವರಿರಬಹುದು. ವ್ಯಾಪಾರ ಚೆನ್ನಾಗಿದ್ದ ದಿನ ಇರಬಹುದು. ಸರಿ. ಆದರೆ ಇದನ್ನು ಗಮನಿಸಿ. ನಾನು ಕಲಿಸಿದ ಸರಿಯಾದ ವಾಕ್ಯಗಳನ್ನು ಆಡಿದಾಗಲೆಲ್ಲ ಅತ್ತೆಗೆ ಫಲಕ ಬಂತು, ಬೆಲೆ ಬಂತು, ತಿಂಡಿ ಬಂತು, ನಗು ಬಂತು. ಮಾತು ಬರಲಿಲ್ಲ. ತಪ್ಪು ವಾಕ್ಯ ಆಡಿದಾಗ ಮಾತು ಬಂತು.

ಯಾಕೆ? ನನ್ನ ಊಹೆ ಹೀಗಿದೆ. ಸರಿಯಾದ ವಾಕ್ಯ ಯಾರದ್ದೂ ಅಲ್ಲ. ಅದು ಆ್ಯಪ್‌ನದು. ಅದನ್ನು ಕೇಳಿದವರಿಗೆ, ಈಕೆ ಪ್ರವಾಸಿ, ಬೇಗ ಸಹಾಯ ಮಾಡಿ ಕಳಿಸೋಣ ಎನಿಸುತ್ತದೆ. ಆದರೆ ಮೈಸೂರು ಸಿಲ್ಕ್ ಉಟ್ಟವರೊಬ್ಬರು ದೋಸೆ ತಿಂದು "ಪ್ರಭುಗಳ ಕೃಪೆ ಅಪಾರ" ಎಂದರೆ? ಇಂಥ ತಪ್ಪಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಆಗುವುದೇ ಇಲ್ಲ. ಈಕೆ ರಾತ್ರಿಯೆಲ್ಲ ಕೂತು ನಮ್ಮ ಮಾತನ್ನು ಕೇಳಿದ್ದಾಳೆ ಎಂದು ಆ ತಪ್ಪೇ ಹೇಳುತ್ತದೆ.

ಪ್ರಯೋಗವಿಲ್ಲದೆ ನಾನು ಏನನ್ನೂ ನಂಬುವುದಿಲ್ಲ. ಯುಟ್ರೆಕ್ಟ್‌ಗೆ ಮರಳಿದ ಮೇಲಿನ ಶನಿವಾರ ಬೇಕರಿಗೆ ಹೋದೆ. ಅಭ್ಯಾಸ ಮಾಡಿದ ವಾಕ್ಯವನ್ನು ಬಾಗಿಲ ಹೊರಗೇ ಬಿಟ್ಟೆ. ಕೌಂಟರಿನ ಮುಂದೆ ನಿಂತು ಕೈ ಜೋಡಿಸಿ ಹೇಳಿದೆ, "ಮೆವ್ರೌ, ಇಕ್ ಸ್ಮೇಕ್ ಊ." ಅಮ್ಮಾ, ತಮ್ಮಲ್ಲಿ ಮೊರೆಯಿಡುತ್ತಿದ್ದೇನೆ. "ಎನ್ ಹಾಲ್ಫ್ ವೋಲ್‌ಕೋರನ್."

ಬ್ರೆಡ್ಡಿಗಾಗಿ ಯಾರೂ ಮೊರೆಯಿಡುವುದಿಲ್ಲ. ಅದು ನಾಟಕದಲ್ಲಿ, ಪ್ರಾರ್ಥನೆಯಲ್ಲಿ ಬರುವ ಮಾತು. ಬೇಕರಿಯಾಕೆ ಚಾಕು ಹಿಡಿದೇ ನನ್ನನ್ನು ನೋಡಿದಳು. ಆಮೇಲೆ ಡಚ್ಚಿನಲ್ಲಿ ಹೇಳಿದಳು. ಡಚ್ಚಿನಲ್ಲಿ, ಗಮನಿಸಿ. "ಇಷ್ಟು ಬೇಡ್ಕೊಳ್ತಿದೀರಾ ಅಂದ್ರೆ ಕೊಡ್ಲೇಬೇಕು." ಬ್ರೆಡ್ ಕತ್ತರಿಸುತ್ತ ಮಾತು ಮುಂದುವರಿಸಿದಳು. ತನ್ನ ಅಜ್ಜಿ ಹೀಗೆ ಮಾತಾಡುತ್ತಿದ್ದಳಂತೆ. ಅಜ್ಜಿಯ ಊರು, ಮೊಣಕಾಲು, ಬೆಕ್ಕು ಎಲ್ಲ ಬಂತು. ನನಗೆ ಅರ್ಧ ಅರ್ಥವಾಯಿತು. ಅರ್ಧ ಬ್ರೆಡ್ ಕೇಳಿದವಳಿಗೆ ಅಷ್ಟು ಸಾಕು.

ಅತ್ತೆಗೆ ಫೋನ್ ಮಾಡಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವರದೇ ಒಂದು ಸುದ್ದಿ ಇತ್ತು. ಮೈಸೂರಿನ ಮನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಲಖನೌ ಹುಡುಗಿ ಬೆಳಿಗ್ಗೆ ಕೆಳಗಿಳಿದು ಬಂದು, ಬಾಗಿಲಲ್ಲಿ ನಿಂತು, ಕಷ್ಟಪಟ್ಟು ಕನ್ನಡ ಜೋಡಿಸಿ ಕೇಳಿದ್ದಾಳೆ. "ಆಂಟಿ, ಕರಿಬೇವು ಇದಾನಾ?"

"ನನ್ನ ಬಾಯಿಗೆ ಹಿಂದಿ ಬಂದೇಬಿಟ್ಟಿತ್ತು ಕಣೇ. ಎಕ್ಸ್‌ಚೇಂಜಲ್ಲಿ ಅದೇ ಅಭ್ಯಾಸ. ಆ ಕಡೆಯಿಂದ ಹಿಂದಿ ವಾಸನೆ ಬಂದ್ರೆ ಸಾಕು, ನಾವೇ ಹಿಂದಿ."

"ಆಮೇಲೆ?"

"ನುಂಗ್ಕೊಂಡೆ. 'ಇದಾನಮ್ಮ, ಹಿತ್ತಲಲ್ಲಿ ನಿಂತಿದಾನೆ, ಹೋಗಿ ಮಾತಾಡಿಸು' ಅಂದೆ."

ಆ ಹುಡುಗಿ ಹಿತ್ತಲಿಗೆ ಹೋಗಿ, ಕರಿಬೇವಿನ ಗಿಡದ ಮುಂದೆ ನಿಂತು "ನಮಸ್ಕಾರ" ಎಂದಳಂತೆ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರಂತೆ. ಯಾವ ಭಾಷೆಯಲ್ಲಿ ಎಂದು ನಾನು ಕೇಳಲಿಲ್ಲ.

ನಿಮ್ಮನ್ನು ಕೇಳುತ್ತೇನೆ. ನಮ್ಮೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಬೈಯುವ ನೀವು, ಕಳೆದ ಸಲ ಒಬ್ಬರು ತಪ್ಪು ಕನ್ನಡ ಹಿಡಿದು ನಿಮ್ಮ ಬಾಗಿಲಿಗೆ ಬಂದಾಗ ಉತ್ತರ ಕೊಟ್ಟದ್ದು ಯಾವ ಭಾಷೆಯಲ್ಲಿ?